ಬಾಗಿಲು ತೆರೆದದ್ದು ಯಾರಿಗೆ?

ಅಮೆರಿಕದ ಬಾಸ್ಟನ್ ಕಾಲೇಜಿನಲ್ಲಿ ಹೆಣ್ಣುಮಕ್ಕಳ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಒಂದು ಇಸವಿಯನ್ನು ಹಿಡಿದುಕೊಳ್ಳುತ್ತಾರೆ: ೧೯೭೦. ಆ ವರ್ಷ ಅದರ ಕಲಾ ಮತ್ತು ವಿಜ್ಞಾನ ವಿಭಾಗದ ಪದವಿ ತರಗತಿಗಳು ಹೆಣ್ಣುಮಕ್ಕಳಿಗೆ ತೆರೆದವು. ಹೆಸರು ಕಾಲೇಜು ಅಂತ ಇದ್ದರೂ ಇದು ಪೂರಾ ವಿಶ್ವವಿದ್ಯಾಲಯವೇ. ೧೮೬೩ರಲ್ಲಿ ಕ್ಯಾಥೊಲಿಕ್ ಧರ್ಮದ ಜೆಸ್ಯೂಟ್ ಪಾದ್ರಿಗಳು ಕಟ್ಟಿದ್ದು. ಅಂದರೆ ಅದರ ಮುಖ್ಯ ವಿಭಾಗದೊಳಕ್ಕೆ ಹೆಣ್ಣು ಕಾಲಿಡೋದಕ್ಕೆ ನೂರಾ ಏಳು ವರ್ಷ ಬೇಕಾಯಿತು.

ಅಮೆರಿಕದ ಪಾದ್ರಿಗಳ ಯೂನಿವರ್ಸಿಟಿ ಕಟ್ಟಿಕೊಂಡು ನಮಗೇನು ಅಂತ ಗೆಳೆಯರು ಕೇಳಬಹುದು. ಕೇಳಲಿ. ಜೋತಿಬಾ ಫುಲೆ ೧೮೭೩ರಲ್ಲಿ ತಮ್ಮ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು, ಕರಿಯರ ಗುಲಾಮಗಿರಿ ತೊಡೆಯಲು ನಿಂತ ಅಮೆರಿಕದ ಜನಕ್ಕೆ. ಅಲ್ಲಿನ ಲೆಕ್ಕವನ್ನೂ ಇಲ್ಲಿನ ಲೆಕ್ಕವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡೋದನ್ನು ನಮಗೆ ಕಲಿಸಿದವರು ಫುಲೆ. ಇನ್ನೊಂದು ಕಾರಣವೂ ಇದೆ. ಆ ಯೂನಿವರ್ಸಿಟಿಯೊಳಗೆ ಜಗಳವಾಡಿ ನಿಂತ ಒಬ್ಬ ಹೆಂಗಸು ನಮ್ಮ ದೇಶದ ಹೆಂಗಸರ ಬಗ್ಗೆ ಒಂದು ಇಡೀ ಅಧ್ಯಾಯ ಬರೆದಿದ್ದಾರೆ. ಅದನ್ನು ಓದಿ ನಾವು ಸುಮ್ಮನಿರುವ ಹಾಗಿಲ್ಲ.

ಮೊದಲು ಆ ಸಂಸ್ಥೆಯ ಹುಟ್ಟು ನೋಡಿ. ಬರಗಾಲದಿಂದ ತಪ್ಪಿಸಿಕೊಂಡು ಹೊಟ್ಟೆಪಾಡಿಗೆ ಹಡಗು ಹತ್ತಿ ಬಂದ ಐರಿಷ್ ಜನ ಬಾಸ್ಟನ್ನಿನಲ್ಲಿ ಕೂಲಿ ಮಾಡುತ್ತಿದ್ದರು. ಅವರ ಹೆಂಗಸರು ದೊಡ್ಡ ಮನೆಗಳಲ್ಲಿ ಮುಸುರೆ ತಿಕ್ಕುತ್ತಿದ್ದರು. ಊರಿನ ಹಳೇ ಪ್ರಾಟೆಸ್ಟೆಂಟ್ ಶ್ರೀಮಂತರಿಗೆ ಇವರು ಕೀಳು ಜನ, ಇವರ ಮತ ಕೀಳು ಮತ. ಇಂಥವರ ಗಂಡುಮಕ್ಕಳು ಓದಲಿ ಅಂತ ಈ ಕಾಲೇಜು ಎದ್ದಿತು. ಹೀಗೆ ಹೊರಗಿಟ್ಟ ಜನ ತಮಗಾಗಿ ಒಂದು ಮನೆ ಕಟ್ಟಿಕೊಂಡರು. ಕಟ್ಟಿಕೊಂಡ ಮೇಲೆ ತಮ್ಮ ಹೆಣ್ಣುಮಕ್ಕಳನ್ನು ಅದರ ಹೊರಗಿಟ್ಟರು. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಕೊನೆಗೆ ಇದು ನಮ್ಮ ಮನೆ ಬಾಗಿಲಿಗೇ ಬರುತ್ತೆ.

ಸುತ್ತಿನ ಬಾಗಿಲುಗಳು ಒಂದೊಂದಾಗಿ ತೆರೆದವು, ನಿಜ. ೧೯೪೭ರಲ್ಲಿ ನರ್ಸಿಂಗ್ ಶಾಲೆ ಬಂತು, ೧೯೫೨ರಲ್ಲಿ ಶಿಕ್ಷಕರ ತರಬೇತಿ ಶಾಲೆ ಬಂತು. ಎರಡರಲ್ಲೂ ಹೆಣ್ಣುಮಕ್ಕಳಿದ್ದರು. ರೋಗಿಯ ಪಕ್ಕ ನಿಲ್ಲೋದಕ್ಕೆ, ಮಕ್ಕಳಿಗೆ ಅಕ್ಷರ ತಿದ್ದಿಸೋದಕ್ಕೆ ಹೆಣ್ಣು ಆಗಬಹುದು. ನಮ್ಮಲ್ಲಿ ಟೀಚರಮ್ಮ, ನರ್ಸಮ್ಮ ಆಗೋವರೆಗೂ ಒಪ್ಪುವ ಮನೆಗಳು ಅದರಾಚೆಗೆ ಕಣ್ಣು ಕೆಂಪಗೆ ಮಾಡುತ್ತಿದ್ದ ಹಾಗೇ ಇದು. ಸೇವೆಗೆ ಅಡ್ಡಿಯಿಲ್ಲ, ಆಲೋಚನೆಗೆ ಅಡ್ಡಿ.

ಆಲೋಚನೆಯಲ್ಲೂ ಎಲ್ಲಕ್ಕಿಂತ ಭದ್ರವಾಗಿ ಬೀಗ ಹಾಕಿದ್ದು ದೇವಶಾಸ್ತ್ರಕ್ಕೆ. ದೇವರ ಬಗ್ಗೆ ಅಧಿಕಾರದಿಂದ ಮಾತಾಡುವ ವಿದ್ಯೆ ಅದು. ಅದು ಕೈಗೆ ಸಿಕ್ಕಿದರೆ ಪಾದ್ರಿ ಹೇಳಿದ್ದನ್ನು ಪ್ರಶ್ನೆ ಮಾಡಬಹುದು. ವೇದ ಕೇಳಿದವನ ಕಿವಿಗೆ ಕಾದ ಸೀಸ ಅಂತ ಬರೆದಿಟ್ಟ ದೇಶದ ನಮಗೆ ಇದರ ಒಳಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಕ್ಯಾಥೊಲಿಕ್ ಯೂನಿವರ್ಸಿಟಿಗಳು ಹೆಂಗಸರಿಗೆ ಈ ವಿದ್ಯೆಯ ಉನ್ನತ ಪದವಿ ಕೊಡುತ್ತಿರಲಿಲ್ಲ. ೧೯೪೩ರಲ್ಲಿ ಇಂಡಿಯಾನಾ ರಾಜ್ಯದ ಸೇಂಟ್ ಮೇರೀಸ್ ಎಂಬ ಹೆಣ್ಣುಮಕ್ಕಳ ಕಾಲೇಜಿನ ಮುಖ್ಯಸ್ಥೆ, ಮಡಲೇವಾ ವುಲ್ಫ್ ಎಂಬ ಸನ್ಯಾಸಿನಿ, ಯಾರೂ ಕೊಡದಿದ್ದರೆ ನಾವೇ ಕಲಿಸುತ್ತೇವೆ ಅಂತ ಒಂದು ದೇವಶಾಸ್ತ್ರದ ಶಾಲೆ ತೆರೆದರು. ಆಕೆ ಬೀದಿಗಿಳಿದು ಘೋಷಣೆ ಕೂಗಿದವರಲ್ಲ. ಆದರೂ ಮಾಡಿದ್ದು ಬಂಡಾಯವೇ.

ಆ ಶಾಲೆಯಲ್ಲಿ ಓದಿ ೧೯೫೪ರಲ್ಲಿ ಡಾಕ್ಟರೇಟು ಪಡೆದವರು ಮೇರಿ ಡೇಲಿ. ೧೯೨೮ರಲ್ಲಿ ಹುಟ್ಟಿದ, ದುಡಿಯುವ ಐರಿಷ್ ಮನೆತನದ ಒಬ್ಬಳೇ ಮಗಳು. ಅಷ್ಟಕ್ಕೆ ತೃಪ್ತಿಯಾಗದೆ, ಗಂಡಸರಿಗೆ ಸಿಗುವ ದೇವಶಾಸ್ತ್ರದ ಅತ್ಯುನ್ನತ ಪದವಿಯೇ ಬೇಕು ಅಂತ ಹಟ ಹಿಡಿದರು. ತಾಯ್ನಾಡಿನಲ್ಲಿ ಅದು ಸಿಗದೆ ಸ್ವಿಟ್ಜರ್‌ಲ್ಯಾಂಡಿನ ಫ್ರೀಬೋರ್ಗ್‌ಗೆ ಹೋದರು. ಅಲ್ಲಿ ಪಾಠ ಹೇಳುವವರು ಪಾದ್ರಿಗಳಾದರೂ ವಿಶ್ವವಿದ್ಯಾಲಯ ಸರ್ಕಾರದ್ದು. ಹೆಣ್ಣು ಅನ್ನೋ ಕಾರಣಕ್ಕೆ ಬಾಗಿಲು ಹಾಕೋದಕ್ಕೆ ಕಾನೂನು ಬಿಡುತ್ತಿರಲಿಲ್ಲ. ಧರ್ಮಪೀಠ ಮುಚ್ಚಿದ ಬಾಗಿಲನ್ನು ಕಾನೂನು ತೆರೆಯಿತು. ಸಂವಿಧಾನ ಅಂದರೆ ಬರೀ ಕಾಗದ ಅಂತ ಮೂಗು ಮುರಿಯುವ ನಮ್ಮ ಕ್ರಾಂತಿಕಾರಿ ಗೆಳೆಯರು ಇದನ್ನು ಗಮನಿಸಬೇಕು.

೧೯೬೫ರಲ್ಲಿ ಡೇಲಿ ರೋಮಿಗೆ ಹೋದರು. ಎರಡನೇ ವ್ಯಾಟಿಕನ್ ಮಹಾಸಭೆ ನಡೆಯುತ್ತಿತ್ತು. ಸಾವಿರಾರು ಬಿಷಪ್ಪರು, ಕೆಂಪು ನಿಲುವಂಗಿಯ ಕಾರ್ಡಿನಲ್ಲರು. ಕೇಳುಗರಾಗಿ ಕೂರೋದಕ್ಕೆ ಬೆರಳೆಣಿಕೆಯ ಹೆಂಗಸರನ್ನು ಕರೆದಿದ್ದರು. ಮಹಾಸಭೆಯಲ್ಲಿ ಎದ್ದು ಮಾತಾಡೋದಕ್ಕೆ ಅವರಿಗೆ ಅವಕಾಶ ಇರಲಿಲ್ಲ. ಅಲ್ಲಿಂದ ಬಂದ ಡೇಲಿ ೧೯೬೬ರಲ್ಲಿ ಬಾಸ್ಟನ್ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದರು. ೧೯೬೮ರಲ್ಲಿ 'ದಿ ಚರ್ಚ್ ಅಂಡ್ ದಿ ಸೆಕೆಂಡ್ ಸೆಕ್ಸ್' ಪುಸ್ತಕ ಹೊರಬಂತು. ಫ್ರಾನ್ಸಿನ ಸಿಮೋನ್ ದ ಬುವಾ ೧೯೪೯ರಲ್ಲಿ ಬರೆದ 'ದಿ ಸೆಕೆಂಡ್ ಸೆಕ್ಸ್'ಗೆ ಕೊಟ್ಟ ಉತ್ತರ ಅದು. ಬುವಾ ಪುಸ್ತಕವನ್ನು ವ್ಯಾಟಿಕನ್ ೧೯೫೬ರಲ್ಲೇ ಓದಬಾರದ ಪುಸ್ತಕಗಳ ಪಟ್ಟಿಗೆ ಸೇರಿಸಿತ್ತು ಅನ್ನೋದು ನೆನಪಿರಲಿ.

ಡೇಲಿ ಪುಸ್ತಕದ ಧೋರಣೆ ನೇರ. ಮಠ ಹೆಣ್ಣನ್ನು ಬಾಯಲ್ಲಿ ಪೂಜಿಸುತ್ತೆ, ಕೈಯಲ್ಲಿ ತುಳಿಯುತ್ತೆ. ಮೇರಿಮಾತೆಯನ್ನು ಎತ್ತರದಲ್ಲಿ ಕೂರಿಸಿದ್ದು ಉಳಿದ ಹೆಂಗಸರನ್ನು ಕೆಳಗಿಡೋದಕ್ಕೆ ಅನುಕೂಲವಾಯಿತು. ಗುಡಿಯಲ್ಲಿ ದೇವಿಯನ್ನಿಟ್ಟು, ಮುಟ್ಟಾದ ಮನೆಮಗಳನ್ನು ಹಟ್ಟಿಯಾಚೆ ಕೂರಿಸುವ ನಮಗೆ ಈ ವಾದ ಹೊಸದೇನಲ್ಲ. ಇಷ್ಟು ಹೇಳಿದರೂ ಆ ಪುಸ್ತಕದಲ್ಲಿ ಡೇಲಿ ಮಠ ಬಿಟ್ಟಿರಲಿಲ್ಲ. ಒಳಗಿದ್ದೇ ರಿಪೇರಿ ಮಾಡೋಣ ಅಂತಲೇ ಬರೆದಿದ್ದರು.

ರಿಪೇರಿಯ ಮಾತಿಗೇ ಸಂಸ್ಥೆ ಬೆಚ್ಚಿತು. ೧೯೬೯ರಲ್ಲಿ, ಇದೇ ನಿನ್ನ ಕೊನೆಯ ಕರಾರು ಅಂತ ಕಾಗದ ಕೈಗಿಟ್ಟರು. ಆಗ ನಡೆದದ್ದು ಸೋಜಿಗ. ವಿದ್ಯಾರ್ಥಿಗಳು ಸಾವಿರಕ್ಕೂ ಮೀರಿ ಬೀದಿಗೆ ಬಂದರು, ಸಹಿ ಸಂಗ್ರಹಿಸಿದರು, ಪತ್ರಿಕೆಗಳು ಬರೆದವು. ಆಗಿನ್ನೂ ಕಲಾ ವಿಜ್ಞಾನ ವಿಭಾಗದಲ್ಲಿ ಇದ್ದದ್ದು ಗಂಡು ಹುಡುಗರು ಮಾತ್ರ! ಹೆಣ್ಣಿನ ಪರವಾಗಿ ಬರೆದ ಹೆಣ್ಣಿಗೆ ಕೆಲಸ ಉಳಿಸಿಕೊಟ್ಟ ಚಳವಳಿಯಲ್ಲಿ ಬಹುಪಾಲು ಗಂಡುಹುಡುಗರೇ ಇದ್ದರು. ಆಡಳಿತ ಮಣಿಯಿತು. ಡೇಲಿಗೆ ಕಾಯಂ ಹುದ್ದೆ, ಬಡ್ತಿ ಎರಡೂ ಸಿಕ್ಕವು. ಮರುವರ್ಷವೇ ೧೯೭೦ರ ಆ ಬಾಗಿಲು ತೆರೆಯಿತು. ಒಂದರಿಂದಲೇ ಇನ್ನೊಂದು ಆಯಿತು ಅಂತ ನಾನು ಹೇಳಲಾರೆ. ಆದರೆ ಗಾಳಿ ಒಂದೇ.

ಡೇಲಿ ಅಲ್ಲಿಗೆ ನಿಲ್ಲಲಿಲ್ಲ. ೧೯೭೧ರ ನವೆಂಬರಿನಲ್ಲಿ ಹಾರ್ವರ್ಡಿನ ಪ್ರಾರ್ಥನಾ ಮಂದಿರದಲ್ಲಿ ಭಾನುವಾರದ ಪ್ರವಚನಕ್ಕೆ ಮೊದಲ ಬಾರಿಗೆ ಒಬ್ಬ ಹೆಂಗಸನ್ನು ಕರೆದರು, ಅದು ಡೇಲಿ. ಪ್ರವಚನ ಮುಗಿಸಿ, ಇಲ್ಲಿಂದ ಹೊರಗೆ ನಡೆಯೋಣ ಬನ್ನಿ ಅಂತ ಕರೆ ಕೊಟ್ಟು ಎದ್ದು ಹೊರಟೇಬಿಟ್ಟರು. ಜನ ಹಿಂದೆ ನಡೆದರು. ೧೯೭೩ರ 'ಬಿಯಾಂಡ್ ಗಾಡ್ ದಿ ಫಾದರ್'ನಲ್ಲಿ ದೇವರ ಗಂಡುತನವೇ ಗಂಡಿನ ಅಧಿಕಾರಕ್ಕೆ ಜಾಮೀನು ಅಂತ ವಾದಿಸಿದರು. ೧೯೩೫ರಲ್ಲಿ ಯೇವಲೆಯಲ್ಲಿ ಅಂಬೇಡ್ಕರ್ ಮಾಡಿದ ಘೋಷಣೆಯನ್ನು ಎದೆಯಲ್ಲಿಟ್ಟುಕೊಂಡ ಯಾರಿಗೇ ಆಗಲಿ, ಮಠ ಬಿಟ್ಟು ಎದ್ದು ಹೊರಟ ಈ ಹೆಂಗಸಿನ ಬಗ್ಗೆ ಅಭಿಮಾನ ಹುಟ್ಟದೆ ಇರೋಲ್ಲ. ನನಗೂ ಹುಟ್ಟಿದೆ.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಚೆಂದದ ಗೆಲುವಿನ ಕತೆ. ಆದರೆ ಒಂದು ಪ್ರಶ್ನೆ ಉಳಿದುಬಿಡುತ್ತೆ. ಬಾಗಿಲು ತೆರೆಯಿತು, ಸರಿ. ಒಳಗೆ ಬಂದ 'ಹೆಣ್ಣು' ಯಾವ ಹೆಣ್ಣು? ಅದಕ್ಕೂ ಮುಂಚೆ ಇಂಥ ವಿದ್ಯಾಲಯಗಳ ಸುತ್ತ ಹೆಂಗಸರೇ ಇರಲಿಲ್ಲವೆ?

ಇದಕ್ಕೆ ಉತ್ತರ ಬೇಕಾದರೆ ಬಾಸ್ಟನ್ನಿನಿಂದ ದಕ್ಷಿಣಕ್ಕೆ ಹೋಗಬೇಕು. ಇದೇ ಜೆಸ್ಯೂಟರು ೧೭೮೯ರಲ್ಲಿ ಕಟ್ಟಿದ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಇರುವುದು ವಾಷಿಂಗ್ಟನ್ನಿನಲ್ಲಿ. ಅಮೆರಿಕದ ಮೊಟ್ಟಮೊದಲ ಕ್ಯಾಥೊಲಿಕ್ ವಿದ್ಯಾಲಯ ಅದು. ಅದರ ಮೂಲ ಕಾಲೇಜಿಗೆ ಹೆಣ್ಣುಮಕ್ಕಳು ವಿದ್ಯಾರ್ಥಿಗಳಾಗಿ ಸೇರಿದ್ದು ೧೯೬೯ರಲ್ಲಿ. ಆದರೆ ಅದರ ಲೆಕ್ಕದ ಪುಸ್ತಕಕ್ಕೆ ಹೆಂಗಸರು ಸೇರಿದ್ದು ಅದಕ್ಕಿಂತ ಬಹಳ ಹಿಂದೆ, ಆಸ್ತಿಯಾಗಿ. ಮೇರಿಲ್ಯಾಂಡಿನ ಜೆಸ್ಯೂಟರಿಗೆ ಹೊಲಗಳಿದ್ದವು, ಹೊಲಗಳಲ್ಲಿ ದುಡಿಯಲು ಕರಿಯ ಗುಲಾಮರಿದ್ದರು. ೧೮೩೮ರಲ್ಲಿ ಪಾದ್ರಿಗಳು ೨೭೨ ಜನರನ್ನು ಲೂಸಿಯಾನದ ಜಮೀನುದಾರರಿಗೆ ೧,೧೫,೦೦೦ ಡಾಲರಿಗೆ ಮಾರಲು ಕರಾರು ಮಾಡಿಕೊಂಡರು. ಬಂದ ಹಣದಲ್ಲಿ ಒಂದು ಪಾಲು ಕಾಲೇಜಿನ ಸಾಲಕ್ಕೆ ಹೋಯಿತು. ಆ ೨೭೨ರಲ್ಲಿ ಹೆಂಗಸರಿದ್ದರು, ಬಸುರಿಯರಿದ್ದರು, ಎದೆಹಾಲು ಕುಡಿಯುವ ಕೂಸುಗಳಿದ್ದವು. ಅವರನ್ನು ಮಾರಿದ ಹಣ ಆ ಕಾಲೇಜನ್ನು ಉಳಿಸಿತು. ಹೀಗಿರುವಾಗ ಹೆಂಗಸರು ೧೯೬೯ರಲ್ಲಿ ಬಂದರು ಅನ್ನುವ ಚರಿತ್ರೆ ಯಾರ ಚರಿತ್ರೆ?

ಪಕ್ಕದಲ್ಲೇ ಬಿಳಿಯ ಸನ್ಯಾಸಿನಿಯರ ಮಠ ಇತ್ತು. ವಿಸಿಟೇಷನ್ ಮಠ ಅಂತ ಹೆಸರು. ೧೭೯೯ರಿಂದ ಹೆಣ್ಣುಮಕ್ಕಳಿಗೆ ಶಾಲೆ ನಡೆಸುತ್ತಿತ್ತು. ಹೆಣ್ಣುಮಕ್ಕಳ ಶಿಕ್ಷಣದ ಚರಿತ್ರೆಯಲ್ಲಿ ದೊಡ್ಡ ಹೆಸರೇ. ಆ ಸನ್ಯಾಸಿನಿಯರೂ ನೂರಕ್ಕೂ ಹೆಚ್ಚು ಜನ ಗುಲಾಮರನ್ನು ಇಟ್ಟುಕೊಂಡಿದ್ದರು ಅಂತ ಆ ಶಾಲೆಯೇ ೨೦೧೮ರಲ್ಲಿ ವರದಿ ಹೊರಡಿಸಿತು. ಹೆಣ್ಣು ಹೆಣ್ಣನ್ನು ಕೊಂಡಿದ್ದಳು, ಮಾರಿದ್ದಳು. ಅದೇ ಊರಿನಲ್ಲಿ ೧೮೨೦ರಲ್ಲಿ, ಇನ್ನೂ ಹದಿನೈದು ವರ್ಷದ ಆನ್ ಮರೀ ಬೆಕ್ರಾಫ್ಟ್ ಎಂಬ ಸ್ವತಂತ್ರ ಕರಿಯ ಹುಡುಗಿ ಕರಿಯ ಹೆಣ್ಣುಮಕ್ಕಳಿಗೆ ಶಾಲೆ ಶುರು ಮಾಡಿದಳು. ಮುಂದೆ ಬಾಲ್ಟಿಮೋರಿನ ಕರಿಯ ಸನ್ಯಾಸಿನಿಯರ ಸಂಘ ಸೇರಿ ೧೮೩೩ರಲ್ಲಿ ಎಳೆಯ ವಯಸ್ಸಿಗೇ ತೀರಿಕೊಂಡಳು. ನಮ್ಮ ಸಾವಿತ್ರಿಬಾಯಿ ಪುಣೆಯಲ್ಲಿ ಶಾಲೆ ತೆರೆದದ್ದು ೧೮೪೮ರಲ್ಲಿ. ಈ ಹುಡುಗಿ ಅದಕ್ಕಿಂತ ೨೮ ವರ್ಷ ಮುಂಚಿನವಳು. ಗುಲಾಮರ ಮಾರಾಟದಲ್ಲಿ ಕೈಯಿದ್ದ ಇಬ್ಬರು ಪಾದ್ರಿಗಳ ಹೆಸರು ಜಾರ್ಜ್‌ಟೌನಿನ ಕಟ್ಟಡಗಳ ಮೇಲಿತ್ತು. ೨೦೧೭ರಲ್ಲಿ ಅದನ್ನು ಕಿತ್ತು, ಒಂದಕ್ಕೆ ಮಾರಾಟದ ಪಟ್ಟಿಯ ಮೊದಲ ಹೆಸರಾದ ಐಸಾಕ್ ಹಾಕಿನ್ಸ್ ಹೆಸರನ್ನೂ, ಇನ್ನೊಂದಕ್ಕೆ ಬೆಕ್ರಾಫ್ಟ್ ಹೆಸರನ್ನೂ ಇಟ್ಟರು. ಹೆಸರು ಇಟ್ಟಿದ್ದು ಒಳ್ಳೆಯದೇ. ಹೆಸರಿಗೆ ಎಷ್ಟು ಕಾಲ ಬೇಕಾಯಿತು ಅನ್ನೋದನ್ನೂ ಎಣಿಸಬೇಕು.

ಈಗ ಮತ್ತೆ ಡೇಲಿಯ ಕಡೆ ಬರೋಣ. ೧೯೭೮ರಲ್ಲಿ ಆಕೆಯ 'ಗೈನ್/ಎಕಾಲಜಿ' ಬಂತು. ಲೋಕದ ಉದ್ದಗಲಕ್ಕೂ ಹೆಣ್ಣಿನ ಮೇಲೆ ನಡೆದ ಕ್ರೌರ್ಯಗಳನ್ನು ಒಟ್ಟಿಗೆ ತಂದಿಟ್ಟ ಗ್ರಂಥ. ಚೀನಾದಲ್ಲಿ ಕಾಲು ಕಟ್ಟಿದ್ದು, ಆಫ್ರಿಕಾದಲ್ಲಿ ಹೆಣ್ಣಿನ ಅಂಗ ಕೊಯ್ದದ್ದು, ಯೂರೋಪಿನಲ್ಲಿ ಮಾಟಗಾತಿಯರು ಅಂತ ಸುಟ್ಟದ್ದು, ಅಮೆರಿಕದ ವೈದ್ಯರ ಕತ್ತರಿ, ಮತ್ತು ಭಾರತದ ಸತಿ. ಸಿಟ್ಟು ತುಂಬಿದ ಪುಸ್ತಕ. ಸಿಟ್ಟು ನ್ಯಾಯವಾದದ್ದು.

ಮರುವರ್ಷ, ೧೯೭೯ರ ಮೇ ತಿಂಗಳಲ್ಲಿ, ಕರಿಯ ಕವಿ ಆಡ್ರೆ ಲಾರ್ಡ್ ಡೇಲಿಗೆ ಒಂದು ಕಾಗದ ಬರೆದರು. ಅದರ ತಿರುಳು ಇಷ್ಟು: ನಿಮ್ಮ ಪುಸ್ತಕದಲ್ಲಿ ಶಕ್ತಿ ಇರುವ ದೇವತೆಗಳೆಲ್ಲ ಯೂರೋಪಿನ ಬಿಳಿಯ ದೇವತೆಗಳು. ನಮ್ಮ ಆಫ್ರಿಕಾದ ದೇವತೆಗಳು ಎಲ್ಲಿ? ನಾವು ನಿಮ್ಮ ಪುಸ್ತಕಕ್ಕೆ ಬರೋದು ಕೊಯ್ಸಿಕೊಂಡವರಾಗಿ, ನರಳುವವರಾಗಿ ಮಾತ್ರ. ನನ್ನ ಕವಿತೆಯ ಸಾಲನ್ನೂ ನೀವು ತೆಗೆದುಕೊಂಡದ್ದು ಆ ನರಳಾಟದ ಅಧ್ಯಾಯದ ತಲೆಯ ಮೇಲೆ ಇಡೋದಕ್ಕೆ. ಉತ್ತರ ಬರಲಿಲ್ಲ ಅಂತ ಲಾರ್ಡ್ ಆ ಕಾಗದವನ್ನು ಬಹಿರಂಗ ಮಾಡಿದರು, ೧೯೮೧ರಲ್ಲಿ ಅಚ್ಚಾಯಿತು. ಲಾರ್ಡ್ ತೀರಿಕೊಂಡ ಮೇಲೆ ಅವರ ಕಾಗದಪತ್ರಗಳಲ್ಲಿ ಡೇಲಿಯ ಉತ್ತರವೊಂದು ಸಿಕ್ಕಿತು ಅನ್ನೋದನ್ನೂ ನ್ಯಾಯಕ್ಕಾಗಿ ಹೇಳಬೇಕು. ಉತ್ತರ ಬಂದಿರಲಿ ಬಿಡಲಿ, ಪ್ರಶ್ನೆ ಮಾತ್ರ ಹಾಗೇ ನಿಂತಿದೆ. ನೋವಿನ ಉದಾಹರಣೆ ಬೇಕಾದಾಗ ನಾವು, ಆಲೋಚನೆ ಬೇಕಾದಾಗ ನೀವು. ಸಂಶೋಧನೆ ಹೆಸರಿನಲ್ಲಿ ಕೇರಿಗೆ ಬಂದು ಟೇಪ್‌ರೆಕಾರ್ಡರ್ ತುಂಬಿಸಿಕೊಂಡು ಹೋದವರನ್ನು ಕಂಡಿರುವ ನಮಗೆ ಲಾರ್ಡ್ ಅವರ ಸಿಟ್ಟು ಎಲ್ಲಿಂದ ಬಂತು ಅಂತ ಗೊತ್ತು.

ಸತಿಯ ಅಧ್ಯಾಯದಲ್ಲಿ ಈ ದೋಷ ಇನ್ನೂ ದೊಡ್ಡದು. ಭಾರತದ ಬಗ್ಗೆ ಡೇಲಿ ನೆಚ್ಚಿಕೊಂಡವರಲ್ಲಿ ಒಬ್ಬರು ಕ್ಯಾಥರೀನ್ ಮೇಯೋ. ೧೯೨೭ರಲ್ಲಿ 'ಮದರ್ ಇಂಡಿಯಾ' ಬರೆದ ಅಮೆರಿಕನ್ ಹೆಂಗಸು. ಈ ಜನ ಸ್ವರಾಜ್ಯಕ್ಕೆ ಲಾಯಕ್ಕಿಲ್ಲ ಅಂತ ಸಾಧಿಸೋದು ಆ ಪುಸ್ತಕದ ಹುನ್ನಾರ. ಮೇಯೋ ಬರೆದದ್ದೆಲ್ಲ ಸುಳ್ಳು ಅಂತ ನಾನು ಹೇಳೋಲ್ಲ. ಅಸ್ಪೃಶ್ಯರ ಪಾಡನ್ನೂ ಆಕೆ ಬರೆದಿದ್ದಾರೆ. ಆಗ ದೇಶಾಭಿಮಾನದ ಹೆಸರಿನಲ್ಲಿ ಆಕೆಯ ಮೇಲೆ ಹರಿಹಾಯ್ದ ಎಷ್ಟೋ ಮೇಲ್ಜಾತಿಯವರಿಗೆ ತಮ್ಮ ಹಿತ್ತಲಿನ ಕೊಳಕು ಮುಚ್ಚಿಡುವ ಅವಸರ ಇತ್ತು. ಆದರೂ ಸಾಮ್ರಾಜ್ಯದ ವಕಾಲತ್ತು ಹಿಡಿದ ಪುಸ್ತಕವನ್ನು ಹೆಣ್ಣಿನ ಬಿಡುಗಡೆಯ ಸಾಕ್ಷಿಯಾಗಿ ಕಟಕಟೆಗೆ ತರುವ ಮುಂಚೆ ಎರಡು ಸಲ ಯೋಚನೆ ಮಾಡಬೇಕಿತ್ತು. ಉಮಾ ನಾರಾಯಣ್ ೧೯೯೭ರ ತಮ್ಮ 'ಡಿಸ್‌ಲೊಕೇಟಿಂಗ್ ಕಲ್ಚರ್ಸ್' ಪುಸ್ತಕದಲ್ಲಿ ಡೇಲಿಯ ಈ ಅಧ್ಯಾಯವನ್ನು ಬಿಡಿಸಿ ಬಿಡಿಸಿ ಟೀಕೆ ಮಾಡಿದ್ದಾರೆ.

ನನ್ನ ತಕರಾರು ಬೇರೆ. ಸತಿಯ ಬಗ್ಗೆ ಓದಲು ಡೇಲಿ ಅಷ್ಟು ದೂರ ಹೋಗಬೇಕಿರಲಿಲ್ಲ. ಬಾಸ್ಟನ್ನಿನಿಂದ ರೈಲಿನಲ್ಲಿ ಕೆಲವೇ ಗಂಟೆ ದೂರ ನ್ಯೂಯಾರ್ಕ್. ಅಲ್ಲಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ೧೯೧೬ರ ಮೇ ೯ರಂದು ಇಪ್ಪತ್ತೈದು ವರ್ಷದ ಒಬ್ಬ ಮಹಾರ್ ವಿದ್ಯಾರ್ಥಿ 'ಭಾರತದಲ್ಲಿ ಜಾತಿಗಳು' ಎಂಬ ಪ್ರಬಂಧ ಓದಿದರು. ಭೀಮರಾವ್ ಅಂಬೇಡ್ಕರ್. ಜಾತಿ ಅಂದರೆ ಒಳಮದುವೆ ಅಂತ ಅವರು ತೋರಿಸಿದರು. ಒಳಮದುವೆ ಉಳಿಯಬೇಕಾದರೆ ಜಾತಿಯೊಳಗೆ ಗಂಡು ಹೆಣ್ಣಿನ ಲೆಕ್ಕ ಸರಿ ಇರಬೇಕು. ಗಂಡ ಸತ್ತರೆ ಹೆಂಡತಿ 'ಹೆಚ್ಚುವರಿ' ಆಗುತ್ತಾಳೆ. ಆ ಹೆಚ್ಚುವರಿ ಹೆಣ್ಣು ಜಾತಿಯ ಬೇಲಿ ದಾಟದಂತೆ ನೋಡಿಕೊಳ್ಳೋದಕ್ಕೆ ಎರಡು ದಾರಿ: ಗಂಡನ ಜೊತೆ ಸುಡೋದು, ಇಲ್ಲವೇ ಸಾಯೋತನಕ ವಿಧವೆಯಾಗಿ ಕೂರಿಸೋದು. ಹೆಂಡತಿ ಸತ್ತ ಗಂಡಿಗೆ ಬಾಲೆಯನ್ನು ತಂದು ಕಟ್ಟೋದು. ಸತಿ, ವೈಧವ್ಯ, ಬಾಲ್ಯವಿವಾಹ ಮೂರೂ ಜಾತಿ ಎಂಬ ಯಂತ್ರದ ಹಲ್ಲುಗಳು.

ಡೇಲಿಯ ವಾದದ ಕೀಲು ಗಂಡಿನ ಹೆಣ್ಣುದ್ವೇಷ. ಅದು ಸುಳ್ಳಲ್ಲ, ಆದರೆ ಸಾಲದು. ಬರೀ ದ್ವೇಷವೇ ಕಾರಣವಾಗಿದ್ದರೆ ಎಲ್ಲ ಜಾತಿಯ ಗಂಡಸರೂ ತಮ್ಮ ಹೆಂಗಸರನ್ನು ಸುಡಬೇಕಿತ್ತು. ನಮ್ಮ ಕಡೆ ಕೆಳಜಾತಿಗಳಲ್ಲಿ ಗಂಡ ಸತ್ತವಳಿಗೆ ಕೂಡಿಕೆ, ಉಡಿಕೆ ಇತ್ತು. ಆಕೆ ಮತ್ತೊಬ್ಬನ ಜೊತೆ ಬಾಳುತ್ತಿದ್ದಳು, ದುಡಿಯುತ್ತಿದ್ದಳು. ಹಾಗಂತ ಕೇರಿಯ ಹೆಣ್ಣು ಸುಖವಾಗಿದ್ದಳು ಅಂತಲ್ಲ. ಅವಳನ್ನು ಚಿತೆಗೆ ಏರಿಸಲಿಲ್ಲ, ಗುಡಿಗೆ ಬಿಟ್ಟರು. ಮುತ್ತು ಕಟ್ಟಿ ಊರ ಗೌಡರಿಗೆ ಒಪ್ಪಿಸಿದರು. ಅದನ್ನು ತಡೆಯಲು ಕರ್ನಾಟಕದಲ್ಲಿ ೧೯೮೨ರಲ್ಲಿ ಕಾಯ್ದೆ ಬೇಕಾಯಿತು. ಅಗ್ರಹಾರದ ಹೆಣ್ಣಿನ ಮೈಗೆ ಬೀಗ, ಕೇರಿಯ ಹೆಣ್ಣಿನ ಮೈಗೆ ಬಾಗಿಲೇ ಇಲ್ಲ. ಎರಡನ್ನೂ ಮಾಡಿದ್ದು ಒಂದೇ ವ್ಯವಸ್ಥೆ. 'ಭಾರತೀಯ ಹೆಣ್ಣು' ಅಂತ ಒಂದೇ ಹೆಸರಿಟ್ಟು ಸತಿಯನ್ನು ಮುಂದೆ ನಿಲ್ಲಿಸಿದರೆ ಎರಡನೆಯವಳು ಪುಸ್ತಕದಿಂದಲೇ ಮಾಯ. ಮಠದ ಗೋಡೆ ಒಡೆದು ಹೊರಬಂದ ಡೇಲಿಗೆ, 'ಹೆಣ್ಣು' ಅನ್ನೋ ಪದದೊಳಗೇ ಇದ್ದ ಗೋಡೆ ಕಾಣಲಿಲ್ಲ.

ಹಾಗಾದರೆ ಡೇಲಿಯನ್ನು ಓದಬೇಡವೆ? ಓದಬೇಕು. ೧೯೬೮ರ ಪುಸ್ತಕವನ್ನು ಕೃತಜ್ಞತೆಯಿಂದ, ೧೯೭೮ರದ್ದನ್ನು ಲಾರ್ಡ್ ಅವರ ಕಾಗದ ಮತ್ತು ಅಂಬೇಡ್ಕರರ ಪ್ರಬಂಧ ಪಕ್ಕದಲ್ಲಿಟ್ಟುಕೊಂಡು. ಆಕೆ ಕೊನೆಗೂ ಸಂಸ್ಥೆಯ ಜೊತೆ ಸಂಧಿ ಮಾಡಿಕೊಂಡವರಲ್ಲ. ಹೆಣ್ಣುಮಕ್ಕಳ ತರಗತಿಗೆ ಗಂಡುಹುಡುಗರನ್ನು ಸೇರಿಸೋಲ್ಲ, ಬೇಕಾದರೆ ಅವರಿಗೆ ಬೇರೆ ಪಾಠ ಹೇಳುತ್ತೇನೆ ಅಂತ ಹಟ ಹಿಡಿದು ೧೯೯೯ರಲ್ಲಿ ಕೆಲಸ ಕಳೆದುಕೊಂಡರು, ಕೋರ್ಟಿಗೆ ಹೋದರು. ೨೦೧೦ರಲ್ಲಿ ತೀರಿಕೊಂಡರು. ಮೂವತ್ತು ವರ್ಷದ ಹಿಂದೆ ಗಂಡುಹುಡುಗರು ಬೀದಿಗಿಳಿದು ಉಳಿಸಿಕೊಟ್ಟ ಕೆಲಸ ಅದು. ಇದನ್ನು ವ್ಯಂಗ್ಯ ಮಾಡಿ ನಗುವವರ ಜೊತೆ ನಾನು ನಗಲಾರೆ. ಆದರೆ ಎಲ್ಲ ಹೆಣ್ಣಿನ ಪರವಾಗಿ ಒಬ್ಬಳೇ ಮಾತಾಡಬಲ್ಲೆ ಅನ್ನುವ ನಂಬಿಕೆ ಎಲ್ಲಿಗೆ ಒಯ್ಯುತ್ತೆ ಅನ್ನೋದನ್ನು ಆಕೆಯ ಬದುಕಿನಿಂದಲೇ ಕಲಿಯಬೇಕು.

ಕೊನೆಯ ಮಾತು ನಮಗೆ. ಐರಿಷ್ ಕೂಲಿಯ ಮಗ ಕಾಲೇಜು ಸೇರಿದ, ಅವನ ತಂಗಿ ಹೊರಗುಳಿದಳು. ತಂಗಿ ಒಳಗೆ ಬಂದಳು, ಕರಿಯ ಹೆಣ್ಣನ್ನು ಮರೆತಳು. ಪ್ರತಿ ಸಲವೂ ಹೊರಗಿನಿಂದ ಬಂದವರು ತಮ್ಮ ಹಿಂದೆ ಬಾಗಿಲು ಎಳೆದುಕೊಂಡಿದ್ದಾರೆ. ನಾವು? ನಮ್ಮ ವೇದಿಕೆಗಳ ಮೇಲೆ ದಲಿತ ಅನ್ನೋ ಪದ ಎಷ್ಟೋ ವರ್ಷ ಗಂಡು ದನಿಯಲ್ಲೇ ಕೇಳಿಸಿತು. ನಮ್ಮ ಕವಿತೆಯಲ್ಲಿ ಅವ್ವ ಬಂದಳು, ಸೌದೆ ಹೊತ್ತು, ಕಣ್ಣೀರು ಸುರಿಸಿ, ಹೊಗಳಿಸಿಕೊಂಡು ಹೋದಳು. ಅವಳ ಕೈಗೆ ಮೈಕು ಕೊಟ್ಟವರು ಎಷ್ಟು ಮಂದಿ? ೧೯೯೫ರಲ್ಲಿ ಬೆಂಗಳೂರಿನ ರೂತ್ ಮನೋರಮಾ ಮತ್ತು ಸಂಗಾತಿಗಳು ದಲಿತ ಹೆಂಗಸರದ್ದೇ ಒಂದು ರಾಷ್ಟ್ರೀಯ ಒಕ್ಕೂಟ ಕಟ್ಟಿದರು. ಚಳವಳಿ ಒಡೀತಾರೆ ಅಂತ ಗೊಣಗುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಲಾರ್ಡ್ ಬರೆದ ಕಾಗದದಲ್ಲಿದ್ದ ಪ್ರಶ್ನೆಯನ್ನೇ ಅವರು ಇಲ್ಲಿ ಕೇಳಿದ್ದು. ಈ ಸಲ ಆ ಕಾಗದ ಬಂದಿರೋದು ನಮ್ಮ ವಿಳಾಸಕ್ಕೆ.

ಉತ್ತರ ಬರೆಯಬೇಕಾದವರು ನಾವು.